ಎಂಬತ್ತೊಂದು ಗಂಟೆಗೆ ಒಂದು ಕೋಳಿ

ನನ್ನ ಗಂಡನ ಅಣ್ಣ ನನಗೆ ಮಾಡಿದ ಅನ್ಯಾಯವನ್ನು ಯಾರ ಹತ್ತಿರ ಹೇಳಿದರೂ ಅವರು ಮೊದಲು ನಗುತ್ತಾರೆ. ನಕ್ಕವರು ಯಾರು ಯಾರು ಎಂದು ನನಗೆ ಚೆನ್ನಾಗಿ ನೆನಪಿದೆ. ಹೇಳಿ ಸಾಕಾಯಿತು, ಬರೆದೇ ಬಿಡುತ್ತೇನೆ. ಓದುವವರು ನಕ್ಕರೂ ನನಗೆ ಕಾಣುವುದಿಲ್ಲವಲ್ಲ.

ನಮ್ಮ ಮನೆ ಮಡಂತ್ಯಾರಿನಿಂದ ಸ್ವಲ್ಪ ಒಳಗೆ. ಮನೆಯಲ್ಲಿ ಅತ್ತೆ, ಮದುವೆಯಾಗದ ಭಾವ ಮತ್ತು ನಾನು. ಗಂಡ ಕತಾರಿನಲ್ಲಿ, ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ. ನನಗೆ ಮೂಡುಬಿದಿರೆಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಬೆಳಿಗ್ಗೆ ಗುರುವಾಯನಕೆರೆಗೆ ಒಂದು ಬಸ್ಸು, ಅಲ್ಲಿ ಇಳಿದು ವೇಣೂರು ದಾರಿಯಾಗಿ ಹೋಗುವ ಇನ್ನೊಂದು ಬಸ್ಸು. ಸಂಜೆ ಅದನ್ನೇ ತಿರುಗಿಸಿ ಹಾಕಿದರಾಯಿತು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಎಲ್ಲರ ಬಾಯಲ್ಲೂ ಕನ್ನಡ ಹಾಕಿದ್ದೇನೆ, ಹಾಗಾಗಿ ಬೈಗುಳದ ಖಾರ ಸ್ವಲ್ಪ ಕಡಿಮೆಯಾಗಿರಬಹುದು.

ಆ ಯಂತ್ರ ನನ್ನ ಕೈಗೆ ಬಂದದ್ದು ಕಳೆದ ಬೇಸಿಗೆಯಲ್ಲಿ. ಕತಾರಿನಲ್ಲಿ ಗಂಡನ ಕೋಣೆಯಲ್ಲಿದ್ದ ಒಬ್ಬ ಕೆಲಸ ಬಿಟ್ಟು ಊರಿಗೆ ಹೋಗುವಾಗ ಕೊಟ್ಟು ಹೋದನಂತೆ. ಕೈಯಲ್ಲಿ ಹಿಡಿದು ಆಡುವಂಥದ್ದು, ಪುಸ್ತಕದ ಹಾಗೆ ಮಡಚಬಹುದು, ಮೇಲೊಂದು ಪರದೆ, ಕೆಳಗೊಂದು ಪರದೆ. ಒಳಗೆ ಇದ್ದದ್ದು ಒಂದೇ ಆಟ. ಗಂಡ ರಜೆಗೆ ಬಂದಾಗ ಮಗಳಿಗೆಂದು ತಂದರು. ಅವಳು ಎರಡು ನಿಮಿಷ ತಿರುವಿ ನೋಡಿ, "ಇದು ಅಜ್ಜಂದಿರ ಕಾಲದ್ದು ಪಪ್ಪಾ" ಎಂದು ಮೇಜಿನ ಮೇಲಿಟ್ಟು ಮೊಬೈಲು ತೆಗೆದಳು. ಅದು ಮೇಜಿನ ಮೇಲೆ ಧೂಳು ತಿನ್ನುವುದನ್ನು ನೋಡಲಾರದೆ ಜೂನ್ ತಿಂಗಳ ಒಂದು ಸೋಮವಾರ ನಾನು ಅದನ್ನು ಬ್ಯಾಗಿಗೆ ಹಾಕಿಕೊಂಡೆ.

ನಲವತ್ತೆರಡು ವರ್ಷದ ಹೆಂಗಸು ಬಸ್ಸಿನಲ್ಲಿ ಕೂತು ಆಟ ಆಡುವುದೆಂದರೆ ಜನ ನೋಡುತ್ತಾರೆ. ನೋಡಲಿ. ಪಕ್ಕದ ಸೀಟಿನವರು ಮೊಬೈಲಿನಲ್ಲಿ ಮಂದಿ ಬೀಳುವ, ಏಳುವ, ಕುಣಿಯುವ ತುಂಡು ವಿಡಿಯೊಗಳನ್ನು ಊರಿಗೆಲ್ಲ ಕೇಳುವ ಹಾಗೆ ಹಾಕಿಕೊಂಡು ಕೂರುತ್ತಾರೆ. ಅವರನ್ನು ಯಾರೂ ನೋಡುವುದಿಲ್ಲ.

ಆಟದ ಕತೆ ಇಷ್ಟು. ಒಂದು ರಾಜ್ಯ, ಅದರಲ್ಲೊಬ್ಬ ಮಂತ್ರವಾದಿ ರಾಜ. ಅವನು ಒಂದು ಹಳ್ಳಿಯ ಬಾವಿಗಳಿಗೆಲ್ಲ ವಿಷ ಹಾಕಿಸಿ, ಉಳಿದವರ ಮನೆಗಳಿಗೆ ಬೆಂಕಿ ಕೊಡಿಸುತ್ತಾನೆ. ಬದುಕಿ ಉಳಿದವಳು ಒಬ್ಬಳು, ಕತ್ತಿ ಹಿಡಿದವಳು. ಅವಳ ಜೊತೆಗೆ ಗಾಯಕ್ಕೆ ಮದ್ದು ಹಚ್ಚುವ ಒಬ್ಬ ಮುದುಕ, ಬೆಂಕಿಯ ಮಂತ್ರ ಬಲ್ಲ ಒಬ್ಬಳು, ಬೀಗ ಒಡೆಯುವ ಒಬ್ಬ ಕಳ್ಳ. ನಾಲ್ವರೂ ಕಾಡು, ಗುಹೆ, ಹಿಮ ದಾಟಿ ಆ ರಾಜನ ಕೋಟೆಗೆ ಹೋಗಬೇಕು. ಹೆಸರು ನಾವೇ ಇಡಬಹುದು. ಕತ್ತಿಯವಳಿಗೆ ನಾನು ನನ್ನ ಹೆಸರನ್ನೇ ಇಟ್ಟೆ, ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ಕರೆಯುತ್ತಿದ್ದ ಹಾಗೆ. ದಾರಿಯಲ್ಲಿ ಸಿಗುವ ಸಾಧುಗಳು, ಮುದುಕಿಯರು ಎಲ್ಲರೂ ಅವಳಿಗೆ ಹೇಳುವುದು ಒಂದೇ: ಮರೆತುಬಿಡು ಮಗಳೇ, ಕ್ಷಮಿಸು. ಅವಳು ಕ್ಷಮಿಸುವುದಿಲ್ಲ. ನನಗೆ ಅವಳು ಹಿಡಿಸಿದ್ದೇ ಅದಕ್ಕೆ.

ಆ ಆಟದ ಗುಣವನ್ನು ಮೊದಲು ಹೇಳುತ್ತೇನೆ. ಮಡಚಿದರೆ ಅದು ನಿಂತಲ್ಲೇ ನಿಲ್ಲುತ್ತದೆ. ಕಂಡಕ್ಟರ್ ಬಂದಾಗ ಮಡಚಿ, ಟಿಕೆಟು ತೆಗೆದು, ಪುನಃ ಬಿಡಿಸಿದರೆ ರಾಕ್ಷಸ ಎತ್ತಿದ ಗದೆಯನ್ನು ಎತ್ತಿದ ಹಾಗೆಯೇ ಹಿಡಿದುಕೊಂಡು ನನಗಾಗಿ ಕಾಯುತ್ತಿದ್ದ. ನನ್ನ ಜೀವನದಲ್ಲಿ ನನಗಾಗಿ ಹಾಗೆ ಕಾದವರು ಇಲ್ಲ. ಇನ್ನೊಂದು, ಕಾಳಗವೆಲ್ಲ ಸರದಿಯಂತೆ. ನಾನು ಒಂದು ಏಟು ಹೊಡೆದ ಮೇಲೆ ಅವನು ಒಂದು, ಅವನ ಮೇಲೆ ನಾನು. ಎಷ್ಟು ಹೊತ್ತು ಬೇಕಾದರೂ ಯೋಚನೆ ಮಾಡಬಹುದು, ಮಧ್ಯೆ ಬಾಯಿ ಹಾಕುವವರಿಲ್ಲ. ನಮ್ಮ ಮನೆಯ ಊಟದ ಮೇಜಿನಲ್ಲಿ ಇಲ್ಲದ ಮರ್ಯಾದೆ ಅಲ್ಲಿತ್ತು. ಮತ್ತೆ, ದುಡಿದದ್ದು ಎಲ್ಲಿಗೂ ಹೋಗುತ್ತಿರಲಿಲ್ಲ. ಹತ್ತು ಬಾವಲಿ ಹೊಡೆದರೆ ಹತ್ತು ಬಾವಲಿಯಷ್ಟು ಬಲ ಬಂದೇ ಬರುತ್ತಿತ್ತು. ಕಚೇರಿಯಲ್ಲಿ ಹದಿನಾರು ವರ್ಷ ದುಡಿದವಳಿಗೆ ಅದರ ರುಚಿ ಬೇರೆಯೇ.

ದೋಷಗಳನ್ನೂ ಮುಚ್ಚಿಡುವುದಿಲ್ಲ. ಅಕ್ಷರಗಳು ಸಾಸಿವೆಯಷ್ಟು. ಕಿಟಕಿ ಪಕ್ಕದ ಸೀಟು ಸಿಕ್ಕಿದ ದಿನ ಬಿಸಿಲು ಬಿದ್ದು ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು, ರಾಕ್ಷಸ ಕಾಣುತ್ತಿರಲಿಲ್ಲ. ನಾಲ್ಕು ಹೆಜ್ಜೆಗೆ ಒಂದು ಕಾಳಗ. ಗುಹೆಯ ಬಾಗಿಲು ಎದುರಿಗೇ ಇದೆ, ಇನ್ನೆರಡು ಹೆಜ್ಜೆ, ಅಷ್ಟರಲ್ಲಿ ಅದೇ ಮೂರು ಬಾವಲಿ. ಹೊಡೆದು ಮುಗಿಸಿ ಒಂದು ಹೆಜ್ಜೆ ಇಟ್ಟರೆ ಪುನಃ ಅದೇ ಮೂರು. ಮದ್ದಿನ ಮುದುಕನಂತೂ ಬೇಕಾದಾಗ ಮಂತ್ರ ಮರೆಯುತ್ತಿದ್ದ. ಚೀಲದಲ್ಲಿ ಇಪ್ಪತ್ತು ಸಾಮಾನು ಮಾತ್ರ ಹಿಡಿಯುತ್ತಿತ್ತು. ಇಪ್ಪತ್ತೊಂದನೆಯದು ಸಿಕ್ಕಿದರೆ ಯಾವುದನ್ನಾದರೂ ಬಿಸಾಡಬೇಕು. ಹಾಗೆ ಬಿಸಾಡಿದ ಒಂದು ತುಕ್ಕು ಹಿಡಿದ ಕೀಲಿಕೈಗಾಗಿ ನಾನು ಹಿಂದೆ ಬಂದ ದಾರಿಯನ್ನು ಎರಡು ವಾರ ಪುನಃ ನಡೆದಿದ್ದೇನೆ.

ಎಲ್ಲಕ್ಕಿಂತ ದೊಡ್ಡ ದೋಷ ಇದು. ಅಲ್ಲಿಯವರೆಗೆ ಆಡಿದ್ದನ್ನು ಯಂತ್ರ ನೆನಪಿಟ್ಟುಕೊಳ್ಳಬೇಕಾದರೆ ಯಾವುದಾದರೂ ಊರಿನ ಛತ್ರಕ್ಕೆ ಹೋಗಿ ಮಲಗಬೇಕು. ಕಾಡಿನ ಮಧ್ಯೆ ಆಗುವುದಿಲ್ಲ. ಎಷ್ಟೋ ಸಲ ಛತ್ರ ಸಿಗುವ ಮೊದಲೇ ಚಾರ್ಜು ಮುಗಿದು, ಬೆಳಗಿನ ಇಡೀ ಪ್ರಯಾಣ ನೀರಿಗೆ ಬಿದ್ದಿದೆ. ಅದೂ ಸಾಲದೆಂದು, ನೆನಪಿಡಲು ಜಾಗ ಇದ್ದದ್ದು ಒಂದೇ ಒಂದು. ಒಬ್ಬರ ಆಟ ಒಂದು. ಇನ್ನೊಬ್ಬರು ಹೊಸದಾಗಿ ಶುರುಮಾಡಿ ಛತ್ರದಲ್ಲಿ ಮಲಗಿದರೆ ಮೊದಲಿನವರದ್ದು ಅಳಿಸಿ ಹೋಗುತ್ತದೆ. ಅಂಥ ಆಟ ಮಾಡಿದವನ ತಲೆಯಲ್ಲಿ ಎಂತ ಇತ್ತೋ ಗೊತ್ತಿಲ್ಲ. ಮನೆಯಲ್ಲಿ ಭಾವಂದಿರು ಇಲ್ಲದವನು ಇರಬೇಕು.

ದೀಪಾವಳಿಯ ಹಿಂದಿನ ಶುಕ್ರವಾರ ಸಂಜೆ, ಬಸ್ಸು ಗುರುವಾಯನಕೆರೆ ಮುಟ್ಟುವ ಹೊತ್ತಿಗೆ, ನಾನು ರಾಜನ ಕೋಟೆಯ ಹೊರಗಿನ ಕೊನೆಯ ಛತ್ರದಲ್ಲಿ ನಾಲ್ವರನ್ನೂ ಮಲಗಿಸಿದೆ. ಪರದೆಯ ಮೂಲೆಯಲ್ಲಿ ಆಡಿದ ಸಮಯ ಕಾಣುತ್ತದೆ: ಎಂಬತ್ತೊಂದು ಗಂಟೆ. ನಾಲ್ವರ ಬಲವೂ ತುಂಬಿತ್ತು. ಚೀಲದಲ್ಲಿ ಇಪ್ಪತ್ತೂ ಸಾಮಾನು ಲೆಕ್ಕ ಹಾಕಿ ಇಟ್ಟದ್ದು. ರಾಜನ ಎದುರು ಅವಳು ನಿಲ್ಲುವುದನ್ನು ನಾನು ಗಡಿಬಿಡಿಯಲ್ಲಿ ನೋಡಲು ಸಿದ್ಧಳಿರಲಿಲ್ಲ. ಹಬ್ಬ ಮುಗಿಯಲಿ, ಸೋಮವಾರ ಬೆಳಿಗ್ಗೆ ಸೀಟು ಸಿಕ್ಕಿದ ಮೇಲೆ ನೆಮ್ಮದಿಯಲ್ಲಿ ಕೊಲ್ಲುವ ಎಂದು ಮನೆಗೆ ತಂದು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿಟ್ಟೆ.

ಸೋಮವಾರ ವೇಣೂರು ದಾಟುವಾಗ ಬಿಡಿಸಿ ನೋಡಿದರೆ ಕೋಟೆ ಇಲ್ಲ. ಒಂದು ಸಣ್ಣ ಹಳ್ಳಿ, ಒಂದು ಛತ್ರ, ಒಬ್ಬಳು ಹುಡುಗಿ ಒಂಟಿಯಾಗಿ ನಿಂತಿದ್ದಾಳೆ. ಕೈಯಲ್ಲಿ ಮರದ ಕತ್ತಿ. ಸಮಯ ಇಪ್ಪತ್ತೆರಡು ನಿಮಿಷ. ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಮೊದಲ ಅಕ್ಷರ ಆರು ಸಲ. ಹೆಸರು ಬರೆಯುವ ತಾಳ್ಮೆಯೂ ಇಲ್ಲದೆ ಯಾರೋ ಒಂದೇ ಗುಂಡಿಯನ್ನು ಒತ್ತುತ್ತಾ ಹೋಗಿದ್ದಾರೆ. ಹಳೆಯದು ಅಳಿಸಿಹೋಗುತ್ತದೆ, ಆಗಬಹುದೇ ಎಂದು ಯಂತ್ರ ಕೇಳಿಯೇ ಕೇಳಿರುತ್ತದೆ. ಅದಕ್ಕೂ ಒತ್ತಿದ್ದಾರೆ.

ನಾನು ಬಸ್ಸಿನಲ್ಲೇ ಅತ್ತುಬಿಟ್ಟೆ. ಮುಂದಿನ ಸೀಟಿನ ಹೆಂಗಸು ತಿರುಗಿ, "ಊರಲ್ಲಿ ಯಾರಿಗಾದ್ರೂ ಎಂತಾದ್ರೂ ಆಯ್ತಾ?" ಎಂದು ಕೇಳಿದಳು. ಎಂತ ಹೇಳುವುದು? ಹೌದು, ನಾಲ್ವರು ಹೋದರು ಎಂದು ಹೇಳಲೇ? ತಲೆನೋವು ಎಂದೆ.

ಸಂಜೆ ಮನೆಗೆ ಬಂದವಳು ಚಪ್ಪಲಿ ಕಳಚುವ ಮೊದಲೇ ಕೇಳಿದೆ. ಭಾವ ಜಗಲಿಯಲ್ಲಿ ಕೂತು ಕೋಳಿಗೆ ರಾಗಿ ಉಂಡೆ ತಿನ್ನಿಸುತ್ತಿದ್ದರು. ಮುಚ್ಚಿಡಲೂ ಇಲ್ಲ.

"ಹೌದು, ನಾನೇ ನೋಡಿದ್ದು. ಭಾನುವಾರ ಕರೆಂಟ್ ಇರ್ಲಿಲ್ಲ ಅಲ್ವಾ, ಹೊತ್ತು ಹೋಗ್ಲಿಲ್ಲ. ಎಂತ, ಹಾಳಾಯ್ತಾ?"

"ನನ್ನದು ಎಲ್ಲ ಹೋಯ್ತು ಭಾವ. ಐದು ತಿಂಗಳು ಆಡಿದ್ದು."

"ಎಲ್ಲಿ ಹೋಯ್ತು? ಮೆಷಿನ್ ನಿನ್ನ ಕೈಯಲ್ಲೇ ಉಂಟಲ್ಲ."

"ಮೆಷಿನ್ ಅಲ್ಲ. ಒಳಗೆ ಇದ್ದದ್ದು."

ಅವರು ಕೋಳಿಯ ಕೊಕ್ಕು ಒರೆಸಿ ನಕ್ಕರು. "ಆಟ ಅಲ್ವಾ ಮಾರಾಯ್ತಿ. ಪುನಃ ಆಡು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಇಲಿಯ ಜಾಗದಲ್ಲಿ ನಿಂತು ಕೇಳಿದ್ದು ಅದೇ ಮೊದಲು. ಫೋನಿನಲ್ಲಿ ಗಂಡನಿಗೆ ಹೇಳಿದರೆ, "ಬರುವಾಗ ಹೊಸತು ತರ್ತೇನೆ" ಎಂದರು. ಅತ್ತೆ, "ಅಷ್ಟಕ್ಕೆಲ್ಲ ದೊಡ್ಡ ಸ್ವರ ಮಾಡುವುದು ಬೇಡ, ನೆರೆಮನೆಗೆ ಕೇಳ್ತದೆ" ಎಂದರು. ಮಗಳು ನಗುವ ಮುಖದ ಒಂದು ಚಿತ್ರ ಕಳಿಸಿದಳು.

ನನಗೆ ಬೇಕಾದದ್ದು ಹೊಸ ಯಂತ್ರ ಅಲ್ಲ. ಒಂದು ಮಾತು. ತಪ್ಪಾಯಿತು ಎಂಬ ಒಂದು ಮಾತು, ಆ ಬಾಯಿಂದ. ನಾನು ಈ ಮನೆಗೆ ಬಂದ ಮೊದಲ ವರ್ಷ, ಹಿತ್ತಿಲಿನ ಗುಳಿಗನ ಕಲ್ಲಿನ ಸುತ್ತ ತಿಳಿಯದೆ ಮನೆ ಗುಡಿಸುವ ಪೊರಕೆಯಿಂದ ಗುಡಿಸಿದ್ದೆ. ಆ ದೈವದ ಜಾಗಕ್ಕೆ ಬೇರೆ ಪೊರಕೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವತ್ತು ಇದೇ ಭಾವ ನನ್ನನ್ನು ಕಲ್ಲಿನ ಎದುರು ನಿಲ್ಲಿಸಿ, ಅತ್ತೆಯ ಎದುರು, ಕೆಲಸದವರ ಎದುರು, ತಪ್ಪು ಕಾಣಿಕೆ ಹಾಕಿಸಿದ್ದರು. ತಪ್ಪು ಮಾಡಿದವರು ದೈವದ ಮುಂದೆ ಒಂದು ನಾಣ್ಯ ಇಟ್ಟು, ಎಲ್ಲರಿಗೂ ಕೇಳುವ ಹಾಗೆ "ತಪ್ಪಾಯ್ತು" ಎನ್ನುವುದು ನಮ್ಮಲ್ಲಿ ಕ್ರಮ. ನಾನು ಸಣ್ಣ ಸ್ವರದಲ್ಲಿ ಹೇಳಿದೆ. "ಕೇಳಲಿಲ್ಲ, ಜೋರಾಗಿ ಹೇಳು" ಎಂದು ಎರಡನೆಯ ಸಲ ಹೇಳಿಸಿದರು. ತಿಳಿಯದೆ ಮಾಡಿದ್ದು ಎಂದರೆ, "ತಿಳಿಯದೆ ಮಾಡಿದ್ರೂ ತಪ್ಪು ತಪ್ಪೇ" ಎಂದರು. ಆ ನ್ಯಾಯ ನನಗೆ ಬಾಯಿಪಾಠ ಆಗಿತ್ತು.

"ಹಾಗಾದ್ರೆ ನೀವೂ ತಪ್ಪು ಕಾಣಿಕೆ ಹಾಕಿ ಭಾವ" ಎಂದೆ ಎರಡು ದಿನ ಬಿಟ್ಟು.

"ಆಟದ ಸಾಮಾನಿಗೆ ತಪ್ಪು ಕಾಣಿಕೆಯಾ? ದೈವ ನಗ್ತದೆ."

ಅಂದಿನಿಂದ ನಾನು ಅವರ ಹತ್ತಿರ ಮಾತು ಬಿಟ್ಟೆ. ಅನ್ನ ಬಡಿಸುವಾಗ ಬೇಕಾ ಎಂದು ಅವರನ್ನು ಕೇಳದೆ ಗೋಡೆಯನ್ನು ಕೇಳುತ್ತಿದ್ದೆ. ಬೆಳಗಿನ ಗಂಜಿಗೆ ಅವರಿಗೆ ಇಷ್ಟದ ಹುರುಳಿ ಚಟ್ನಿ ಮಾಡುವುದನ್ನು ನಿಲ್ಲಿಸಿದೆ. ಕೋಳಿ ಕಾಳಗದಲ್ಲಿ ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂದು ನೋಡುವ ಕೋಳಿ ಪಂಚಾಂಗ ಎಂಬ ಸಣ್ಣ ಪುಸ್ತಕ ಅವರಲ್ಲಿತ್ತು. ಅದನ್ನು ಎತ್ತಿ ನನ್ನ ಹಳೆ ಸೀರೆಗಳ ಅಡಿಯಲ್ಲಿಟ್ಟೆ. ಅವರು ನಾಲ್ಕು ದಿನ ಮನೆ ಅಡಿಮೇಲು ಮಾಡಿ ಹುಡುಕಿದರು. ಅತ್ತೆ ಇಲಿ ಎಳೆದಿರಬೇಕು ಎಂದರು. ಇರಬಹುದು ಎಂದು ನಾನೂ ಗೋಡೆಗೆ ಹೇಳಿದೆ. ಇದರಿಂದೆಲ್ಲ ಹೊಟ್ಟೆ ತಣ್ಣಗಾಗಲಿಲ್ಲ. ಯಂತ್ರವನ್ನು ದಿನವೂ ಬ್ಯಾಗಿನಲ್ಲಿ ಒಯ್ಯುತ್ತಿದ್ದೆ, ಆದರೆ ಹೊಸ ಆಟ ಶುರುಮಾಡಲಿಲ್ಲ. ಶುರುಮಾಡಿದರೆ ಅವರ ಇಪ್ಪತ್ತೆರಡು ನಿಮಿಷ ಅಳಿಸಿ ಹೋಗುತ್ತದೆ. ಅದು ನನ್ನ ಸಾಕ್ಷಿ. ವೇಣೂರಿನಲ್ಲಿ ಒಮ್ಮೆ ಬಿಡಿಸಿ, ಆ ಆರು ಅಕ್ಷರ ನೋಡಿ, ಹಲ್ಲು ಕಡಿದು ಮಡಚುತ್ತಿದ್ದೆ.

ಈಗ ಆ ಕೋಳಿಯ ವಿಷಯ. ಬಿಳಿ ಹುಂಜ, ಕೊರಳಿನ ಸುತ್ತ ಮಾತ್ರ ಕೆಂಪು ಗರಿ. ಭಾವ ಅದನ್ನು ಕೋಳಿ ಅಂಕಕ್ಕೆಂದು, ಅಂದರೆ ಕಾಳಗಕ್ಕೆಂದು, ಹದಿನಾಲ್ಕು ತಿಂಗಳಿನಿಂದ ಸಾಕುತ್ತಿದ್ದರು. ಬೇರೆ ಕೋಳಿಗಳ ಜೊತೆ ಬಿಡುವಂತಿಲ್ಲ. ಹಲಸಿನ ಮರದ ಬುಡದಲ್ಲಿ ಕಾಲಿಗೆ ದಾರ ಕಟ್ಟಿ, ಅದಕ್ಕೆಂದೇ ಒಂದು ಗೋಣಿ ಹಾಸು. ಬೆಳಿಗ್ಗೆ ಸಂಜೆ ರಾಗಿ ಉಂಡೆ, ಮಧ್ಯಾಹ್ನ ಬೇಯಿಸಿದ ಮೊಟ್ಟೆಯ ಬಿಳಿ. ವಾರಕ್ಕೆರಡು ಸಲ ಅರಸಿನ ಹಾಕಿದ ಬಿಸಿನೀರಿನಲ್ಲಿ ಸ್ನಾನ, ಆಮೇಲೆ ತೊಡೆಗೆ ಎಣ್ಣೆ ತಿಕ್ಕುವುದು. ಕೆರೆಯಲ್ಲಿ ಈಜಿಸುವುದು. ಎರಡು ದಿನಕ್ಕೊಮ್ಮೆ ಇನ್ನೊಂದು ಹುಂಜದ ಎದುರು ಹಿಡಿದು ಸಿಟ್ಟು ಬರಿಸಿ, ತಾಗುವ ಮೊದಲು ಎಳೆದುಕೊಳ್ಳುವುದು. ಮಾತು ಬಿಟ್ಟ ಆ ವಾರಗಳಲ್ಲಿ ಅಡುಗೆ ಕೋಣೆಯ ಕಿಟಕಿಯಿಂದ ನಾನು ಅದನ್ನೆಲ್ಲ ನೋಡುತ್ತಾ ನಿಲ್ಲುತ್ತಿದ್ದೆ. ಆ ಮನುಷ್ಯ ಮಾಡುತ್ತಿದ್ದದ್ದು ನಾನು ಬಸ್ಸಿನಲ್ಲಿ ಮಾಡುತ್ತಿದ್ದದ್ದನ್ನೇ. ಸ್ವಲ್ಪ ಸ್ವಲ್ಪವಾಗಿ ಬಲ ತುಂಬುವುದು, ಒಂದು ದಿನದ ಕಾಳಗಕ್ಕಾಗಿ. ಅದು ಅವರಿಗೆ ಗೊತ್ತಾಗಲಿಲ್ಲವಲ್ಲ ಎಂಬುದೇ ನನ್ನನ್ನು ಉರಿಸುತ್ತಿತ್ತು. ಆಗಲೇ ನನ್ನ ಕಣ್ಣು ಆ ಹುಂಜದ ಮೇಲೆ ಬಿತ್ತು.

ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ, ಡಿಸೆಂಬರಿನ ಒಂದು ಭಾನುವಾರ, ಗುಳಿಗನಿಗೆ ತಂಬಿಲ ಕೊಡುವುದುಂಟು. ದೊಡ್ಡ ಗೌಜಿ ಏನಿಲ್ಲ. ಕಲ್ಲನ್ನು ತೊಳೆದು, ಹೂ ಇಟ್ಟು, ತೆಂಗಿನಕಾಯಿ ಒಡೆದು, ಒಂದು ಕೋಳಿ ಕೊಯ್ಯುವುದು. ಆಮೇಲೆ ಅದನ್ನೇ ಪದಾರ್ಥ ಮಾಡಿ ಮನೆಯವರೆಲ್ಲ ಉಣ್ಣುವುದು. ನಡೆಸಿಕೊಡಲು ಬರುವವರು ಮುಂಡಾಜೆಯ ಮಾವ, ಅಂದರೆ ಅತ್ತೆಯ ಅಣ್ಣ. ತಾಯಿಯ ಕಡೆಯಿಂದ ನಡೆಯುವ ಮನೆ ಇದು, ಹಾಗಾಗಿ ಇಲ್ಲಿ ಅವರ ಮಾತೇ ಕೊನೆ. ಕೋಳಿ ಕೊಯ್ಯುವ ಮೊದಲು ಅವರು ಪ್ರತಿ ವರ್ಷ ತಪ್ಪದೆ ಕೇಳುವ ಒಂದು ಪ್ರಶ್ನೆಯಿದೆ: ಈ ಮನೆಯಲ್ಲಿ ಯಾರಾದರೂ ಹರಕೆ ಹೇಳಿಕೊಂಡು ಕೊಡದೆ ಬಾಕಿ ಇಟ್ಟಿದ್ದಾರೆಯೇ? ಅತ್ತೆ ಇಲ್ಲ ಎನ್ನುತ್ತಾರೆ, ಕೋಳಿ ಕೊಯ್ಯುತ್ತಾರೆ.

ಆ ಪ್ರಶ್ನೆಗೆ ಉತ್ತರ ಕೊಡುವುದೆಂದು ನಾನು ತೀರ್ಮಾನಿಸಿದ್ದು ತಂಬಿಲಕ್ಕೆ ಒಂದು ವಾರ ಇರುವಾಗ, ಬಸ್ಸಿನಲ್ಲಿ. ಲೆಕ್ಕ ನನಗೆ ಸ್ಪಷ್ಟವಿತ್ತು. ಆ ಹುಂಜವನ್ನು ನಾನು ದೈವಕ್ಕೆ ಹೇಳಿಕೊಂಡಿದ್ದೇನೆ ಎಂದರೆ, ಭಾವನಿಗೆ ಇರುವುದು ಎರಡೇ ದಾರಿ. ಹುಂಜವನ್ನು ಕೊಡಬೇಕು. ಕೊಡಲು ಮನಸ್ಸಿಲ್ಲದಿದ್ದರೆ ಕಲ್ಲಿನ ಎದುರು ನಾಣ್ಯ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ತಪ್ಪಾಯ್ತು ಎಂದು, ಬೇರೆ ಕೋಳಿ ತರಬೇಕು. ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹುಂಜ ಉಳಿಸಿಕೊಳ್ಳಲು ಆ ಮಾತು ಹೇಳಿಯೇ ಹೇಳುತ್ತಾರೆ. ಯಾವ ತಪ್ಪಿಗೆ ಹೇಳಿದರೂ ಅಡ್ಡಿಯಿಲ್ಲ, ಆ ಬಾಯಿಂದ ಆ ಮಾತು ಬರುವುದನ್ನು ನನ್ನ ಕಿವಿ ಕೇಳಬೇಕು. ಒಂದು ವೇಳೆ ಕೊಟ್ಟೇ ಬಿಟ್ಟರೆ? ಕೊಡಲಿ. ಹದಿನಾಲ್ಕು ತಿಂಗಳು ಒಂದು ಗಳಿಗೆಯಲ್ಲಿ ಹೋಗುವುದು ಹೇಗಿರುತ್ತದೆ ಎಂದು ಗೊತ್ತಾಗಲಿ. ಎರಡರಲ್ಲಿ ಯಾವುದಾದರೂ ನನಗೆ ಸರಿಯೇ.

ತಂಬಿಲದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಾವ ಒದ್ದೆ ಪಂಚೆಯಲ್ಲಿ ಕಲ್ಲಿನ ಎದುರು ನಿಂತರು. ಅತ್ತೆ, ನಾನು, ಭಾವ, ತೋಟದ ಕೆಲಸದ ಇಬ್ಬರು. ಸಂತೆಯಿಂದ ತಂದ ಒಂದು ಕೆಂಪು ಕೋಳಿ ಬುಟ್ಟಿಯಡಿಯಲ್ಲಿತ್ತು.

"ಯಾರದ್ದಾದ್ರೂ ಹರಕೆ ಬಾಕಿ ಉಂಟಾದ್ರೆ ಈಗಲೇ ಹೇಳಿ" ಎಂದರು ಮಾವ. "ಮತ್ತೆ ದೈವ ನೆನಪು ಮಾಡಿಸುವ ಹಾಗೆ ಆಗುವುದು ಬೇಡ."

"ನನ್ನದೊಂದು ಉಂಟು ಮಾವ" ಎಂದೆ.

ಅತ್ತೆ ತಿರುಗಿ ನೋಡಿದರು.

"ಮಳೆಗಾಲದಲ್ಲಿ ಭಾವ ಪುತ್ತಿಗೆಯ ಹತ್ತಿರ ಬೈಕಿಂದ ಬಿದ್ದಿದ್ರಲ್ಲ. ಆಸ್ಪತ್ರೆಗೆ ಮೊದಲು ಹೋದದ್ದು ನಾನು. ಎಕ್ಸ್‌ರೇ ಒಳಗೆ ಕರ್ಕೊಂಡು ಹೋಗಿದ್ರು. ಕಾಲಿನ ಮೂಳೆ ಮುರಿಯದೆ ಇರ್ಲಿ, ಭಾವನ ಬಿಳಿ ಹುಂಜ ಕೊಡ್ತೇನೆ ಅಂತ ಹೇಳಿಕೊಂಡಿದ್ದೆ."

ಬಿದ್ದದ್ದು ನಿಜ. ನಾನು ಕಚೇರಿಯಿಂದ ಓಡಿದ್ದೂ ನಿಜ. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಗುಳಿಗನಿಗೆ ಹೇಳಿಕೊಂಡದ್ದೂ ನಿಜ. ಹೇಳಿಕೊಂಡದ್ದು ಒಂದು ತೆಂಗಿನಕಾಯಿ. ಅದನ್ನು ಮರುವಾರವೇ ಒಡೆದಿದ್ದೆ. ಹುಂಜದ ಹೆಸರು ಆವತ್ತು ನನ್ನ ಮನಸ್ಸಿನಲ್ಲಿ ಬಂದೇ ಇರಲಿಲ್ಲ.

ಅತ್ತೆಯ ಮುಖ ಬಿಳಿಚಿತ್ತು. ಹೇಳಿದ ಹರಕೆ ಆರು ತಿಂಗಳು ಬಾಕಿ ಉಳಿದಿದೆ ಎಂದರೆ ಅವರಿಗೆ ರಾತ್ರಿ ನಿದ್ದೆ ಇಲ್ಲ.

"ಇನ್ನೊಬ್ಬರ ಸೊತ್ತನ್ನು ಹಾಗೆ ಹೇಳಿಕೊಳ್ಳಬಾರದಿತ್ತು ಮಗಾ" ಎಂದು ಮಾವ ನನಗೆ ಹೇಳಿ, ಭಾವನ ಕಡೆ ತಿರುಗಿದರು. "ಅವಳು ಹೇಳಿಕೊಂಡದ್ದು ನಿನ್ನ ಕಾಲಿಗಾಗಿ. ಕಾಲು ಉಳಿದಿದ್ದು ನಿನ್ನದು. ಹುಂಜ ಕೊಡ್ಲಿಕ್ಕೆ ಮನಸ್ಸಿಲ್ಲದಿದ್ರೆ ನೀನು ಒಂದು ತಪ್ಪು ಕಾಣಿಕೆ ಹಾಕು, ಈ ಕೆಂಪು ಕೋಳಿಯಲ್ಲಿ ಮುಗಿಸುವ. ದೈವ ಒಪ್ತದೆ."

ನಾನು ಹಾಕಿದ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಭಾವ ಅಂಗಿಯ ಜೇಬಿಗೆ ಕೈ ಹಾಕಿದರು. ನಾನು ಕಿವಿ ಚುರುಕು ಮಾಡಿ ನಿಂತೆ. ಸಣ್ಣ ಸ್ವರದಲ್ಲಿ ಹೇಳಿದರೆ, ಕೇಳಲಿಲ್ಲ, ಜೋರಾಗಿ ಹೇಳಿ ಎನ್ನುವುದೆಂದು ಮೊದಲೇ ನಿಶ್ಚಯಿಸಿದ್ದೆ.

ಜೇಬಿನಿಂದ ಬಂದದ್ದು ಕರವಸ್ತ್ರ. ಮುಖ ಒರೆಸಿಕೊಂಡು, "ಹರಕೆ ಹರಕೆಯೇ ಮಾವ" ಎಂದು ಹಲಸಿನ ಮರದ ಕಡೆಗೆ ನಡೆದರು.

ಆ ಕಾಲು ಈಗಲೂ ಸ್ವಲ್ಪ ಎಳೆಯುತ್ತದೆ. ಹೋಗಿ ಬರಲು ಹೊತ್ತಾಯಿತು. ದಾರ ಬಿಚ್ಚಿ, ಹುಂಜವನ್ನು ಎದೆಗೆ ಒತ್ತಿಕೊಂಡು ತಂದರು. ಅದು ಹೆದರಲಿಲ್ಲ, ಈಜಿಸಲು ಒಯ್ಯುತ್ತಾರೆ ಎಂದುಕೊಂಡಿರಬೇಕು. ಅವರೇ ಕಾಲು ತೊಳೆದರು, ಅವರೇ ಹಿಡಿದರು. ನಾನು ಕಣ್ಣು ಮುಚ್ಚಲಿಲ್ಲ. ಒಂದು ಮಾತು ಹೇಳುವುದಕ್ಕಿಂತ ಹದಿನಾಲ್ಕು ತಿಂಗಳನ್ನೇ ಕೊಡುತ್ತೇನೆ ಎನ್ನುವ ಹಟವೇ ಇದು? ಇರಲಿ, ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದುಕೊಂಡೆ. ಎದೆಯೊಳಗೆ ಒಂದು ಸಂತೋಷ ಇತ್ತು, ಸುಳ್ಳು ಹೇಳುವುದಿಲ್ಲ. ಎಂಬತ್ತೊಂದು ಗಂಟೆಗೆ ಸರಿಯಾದ ಬೆಲೆ ಸಿಕ್ಕಿತು ಎನಿಸಿತು.

ಪದಾರ್ಥ ಮಾಡಿದ್ದೂ ನಾನೇ. ಅಂಕದ ಹುಂಜದ ಮಾಂಸ ಗಟ್ಟಿ, ಮೂರು ಸಲ ನೀರು ಹಾಕಿ ಬೇಯಿಸಬೇಕಾಯಿತು. ಕೊತ್ತಂಬರಿ, ಮೆಣಸು ಹುರಿದು, ತೆಂಗಿನ ಹಾಲು ಹಾಕಿ, ಕೈ ಬಿಗಿ ಹಿಡಿಯದೆ ಮಾಡಿದೆ. ಮಾವ ಚೆನ್ನಾಗಿದೆ ಎಂದರು. ಅತ್ತೆ ಹರಕೆ ತೀರಿದ ನೆಮ್ಮದಿಯಲ್ಲಿ ಉಂಡರು. ಭಾವ ಎಲ್ಲರಿಗೂ ರೊಟ್ಟಿ ಬಡಿಸಿದರು, ತಾವು ಮಜ್ಜಿಗೆ ಅನ್ನ ಮಾತ್ರ ಉಂಡರು. ನಾನು ಅವರ ಎದುರಿಗೇ ಕೂತು ಎರಡು ಸಲ ಬಡಿಸಿಕೊಂಡೆ. ಎಲುಬನ್ನೂ ಚೀಪಿದೆ.

ಊಟವಾಗಿ ಹೊರಗಿನ ನಳ್ಳಿಯ ಹತ್ತಿರ ಕೈ ತೊಳೆಯಲು ಹೋದಾಗ ಭಾವ ಅಲ್ಲಿದ್ದರು. ಹುಂಜದ ಗೋಣಿ ಹಾಸನ್ನು ಕೊಡವಿ ಮಡಚುತ್ತಿದ್ದರು. ನನಗಾಗಿ ನಳ್ಳಿ ತಿರುಗಿಸಿದರು. ನಾನು ಗೋಡೆ ನೋಡಿದೆ.

"ನನಗೆ ಗೊತ್ತಿರ್ಲಿಲ್ಲ" ಎಂದರು. "ಪುತ್ತಿಗೆಯಲ್ಲಿ ಬಿದ್ದ ದಿನ ನೀನು ಹಾಗೆ ಹೇಳಿಕೊಂಡದ್ದು. ಅಮ್ಮ ಬಿಟ್ರೆ ನನಗಾಗಿ ಹರಕೆ ಹೇಳಿಕೊಳ್ಳುವವರು ಯಾರಿದ್ದಾರೆ? ಮಾವ ಹೇಳಿದ ಹಾಗೆ ಕಾಣಿಕೆ ಹಾಕಿ ಮುಗಿಸಬಹುದಿತ್ತು. ಆದ್ರೆ ನನ್ನ ಕಾಲಿಗೆ ಅಂತ ನೀನು ಕೊಟ್ಟ ಮಾತನ್ನು ನಾನು ಹೇಗೆ ಸುಳ್ಳು ಮಾಡುವುದು?"

ನಾನು ತೊಳೆದ ಕೈಗೇ ಪುನಃ ಸಾಬೂನು ಹಚ್ಚಿದೆ.

"ಮತ್ತೆ ಆ ನಿನ್ನ ಆಟದ್ದು" ಎಂದು ಅವರು ಗೋಣಿಯನ್ನು ಇನ್ನೊಂದು ಮಡಿಕೆ ಮಡಚಿದರು. "ತಪ್ಪಾಯ್ತು ಮಾರಾಯ್ತಿ. ಕೇಳದೆ ಮುಟ್ಟಬಾರದಿತ್ತು. ಇವತ್ತು ಹುಂಜವನ್ನು ಹಿಡ್ಕೊಂಡು ಬರುವಾಗ ಗೊತ್ತಾಯ್ತು, ನಿನ್ನದು ಎಂತ ಹೋದದ್ದು ಅಂತ."

ಆರು ವಾರ ಕಾದ ಮಾತು. ಜೋರಾಗಿಯೇ ಹೇಳಿದರು, ಎರಡನೆಯ ಸಲ ಹೇಳಿಸುವ ಅಗತ್ಯವಿರಲಿಲ್ಲ. ಅದನ್ನು ಕೇಳಿದಾಗ ಎಂತ ಉತ್ತರ ಕೊಡಬೇಕೆಂದು ಬಸ್ಸಿನಲ್ಲಿ ನೂರು ಸಲ ಅಭ್ಯಾಸ ಮಾಡಿದ್ದೆ. ಅದು ತೆಂಗಿನಕಾಯಿ ಭಾವ ಎಂದು ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಹಲ್ಲಿನ ಸಂದಿಯಲ್ಲಿ ಅವರ ಹುಂಜದ ಎಳೆ ಸಿಕ್ಕಿಕೊಂಡಿತ್ತು.

"ಇರ್ಲಿ ಭಾವ" ಎಂದೆ.

ಅವರು ತಲೆಯಾಡಿಸಿ, ಗೋಣಿಯನ್ನು ಹೆಗಲಿಗೆ ಹಾಕಿಕೊಂಡು ಕಾಲೆಳೆಯುತ್ತಾ ಹಿತ್ತಿಲಿಗೆ ಹೋದರು.

ಗುಳಿಗನ ಕಲ್ಲು ನಮ್ಮ ಅಡುಗೆ ಕೋಣೆಯ ಕಿಟಕಿಗೆ ಕಾಣುತ್ತದೆ. ಈಗ ಅಲ್ಲಿ ನಾಣ್ಯ ಇಟ್ಟು ಜೋರಾಗಿ ಹೇಳಬೇಕಾದವಳು ಯಾರು ಎಂದು ನನಗೂ ಗೊತ್ತು, ದೈವಕ್ಕೂ ಗೊತ್ತು. ನಾನು ಇನ್ನೂ ಹೋಗಿಲ್ಲ.